ದೊರೆ ಒಳ್ಳೆಯವನಿದ್ದರೆ ಸಾಕೆ?



ರಾಜಪ್ರಭುತ್ವ ಒಳ್ಳೆಯ ಆಡಳಿತವಾಗಬಲ್ಲುದೇ ಎಂಬ ಪ್ರಶ್ನೆಯನ್ನು ಅರಿಸ್ಟಾಟಲನಿಂದಲೋ ಕೌಟಿಲ್ಯನಿಂದಲೋ ಶುರು ಮಾಡುವುದು ಉಪನ್ಯಾಸಕಾರರ ವಾಡಿಕೆ. ನಾನು ಮಂಡ್ಯದಿಂದ ಶುರು ಮಾಡುತ್ತೇನೆ. ಈ ಪ್ರಶ್ನೆಗೆ ಅಳುಕಿಲ್ಲದೆ ‘ಹೌದು’ ಎನ್ನುವ ಜನ ಅಲ್ಲಿ ಇಂದಿಗೂ ಸಿಗುತ್ತಾರೆ. ಹಳೆಯ ಮನೆಗಳ ನಡುಮನೆಯಲ್ಲಿ ಮಾದಪ್ಪನ ಪಟದ ಪಕ್ಕ ಪೇಟ ಕಟ್ಟಿದ ನಾಲ್ವಡಿ ಕೃಷ್ಣರಾಜ ಒಡೆಯರ ಪಟವಿರುತ್ತದೆ. ದೇವರಿಗೆ ಏರಿಸಿದ ಹೂವೇ ಅವರಿಗೂ, ದೇವರಿಗೆ ಹಚ್ಚಿದ ಊದುಬತ್ತಿಯೇ ಅವರಿಗೂ. ಯಾಕೆ ಎಂದು ಕೇಳಿದರೆ ಒಂದೇ ಮಾತು: ‘ಕಟ್ಟೆ ಕಟ್ಟಿಸ್ದೋರು.’

ಆ ಗೌರವ ಪುಕ್ಕಟೆ ಬಂದದ್ದಲ್ಲ. 1902ರಿಂದ 1940ರವರೆಗೆ ನಾಲ್ವಡಿಯವರ ಆಳ್ವಿಕೆ. ಶಿವನಸಮುದ್ರದ ವಿದ್ಯುತ್ತು ಕೋಲಾರದ ಗಣಿಗೆ ಹರಿದದ್ದು 1902ರಲ್ಲಿ, ಬೆಂಗಳೂರಿನ ಬೀದಿಗೆ ಬಂದದ್ದು 1905ರಲ್ಲಿ. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಆರಂಭ, ಮೈಸೂರು ಬ್ಯಾಂಕು 1913, ಕನ್ನಡ ಸಾಹಿತ್ಯ ಪರಿಷತ್ತು 1915, ಮೈಸೂರು ವಿಶ್ವವಿದ್ಯಾನಿಲಯ 1916, ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923, ಮಂಡ್ಯದ ಮೈಷುಗರ್ 1933. ಪಟ್ಟಿ ಇನ್ನೂ ಉದ್ದವಿದೆ, ನಿಮಗೇ ಬಾಯಿಪಾಠ. ಗಾಂಧೀಜಿ ಅವರನ್ನು ರಾಜರ್ಷಿ ಎಂದು ಕರೆದದ್ದನ್ನೂ ಉತ್ಪ್ರೇಕ್ಷೆಯೆಂದು ಯಾರೂ ಆಕ್ಷೇಪಿಸಲಿಲ್ಲ.

ರಾಜಪ್ರಭುತ್ವದ ಪರವಾಗಿ ಸಾಕ್ಷಿ ಹೇಳಬಲ್ಲವರಲ್ಲಿ ಇದಕ್ಕಿಂತ ಒಳ್ಳೆಯ ಸಾಕ್ಷಿ ನಮ್ಮ ದೇಶದಲ್ಲಿ ಸಿಗುವುದು ಕಷ್ಟ. ಅದಕ್ಕೇ ನಾನು ನಾಲ್ವಡಿಯವರನ್ನೇ ಆರಿಸಿಕೊಂಡೆ. ದುಷ್ಟ ರಾಜರನ್ನು ಸಾಲಾಗಿ ನಿಲ್ಲಿಸಿ ರಾಜಪ್ರಭುತ್ವ ಕೆಟ್ಟದ್ದು ಎನ್ನುವುದರಲ್ಲಿ ಏನು ದೊಡ್ಡಸ್ತಿಕೆ? ಒಳ್ಳೆಯ ರಾಜನೊಬ್ಬನ ಕಾಲದಲ್ಲಿ ಒಳ್ಳೆಯದು ಎಲ್ಲಿಂದ ಬಂತು ಎಂದು ಹುಡುಕಬೇಕು. ನನಗೆ ಕಂಡ ಮಟ್ಟಿಗೆ, ಮೈಸೂರು ಒಳ್ಳೆಯ ರಾಜ್ಯವಾದದ್ದು ಅಲ್ಲಿ ರಾಜನಿದ್ದ ಎಂಬುದಕ್ಕಿಂತ ಹೆಚ್ಚಾಗಿ, ರಾಜನ ಕೈಯನ್ನು ಅಲ್ಲಲ್ಲಿ ಹಿಡಿದಿಟ್ಟಿದ್ದರಿಂದ.

ಇದೇ ಮನೆತನದಲ್ಲಿ ಎರಡು ತಲೆಮಾರು ಹಿಂದಕ್ಕೆ ಹೋಗೋಣ. ದತ್ತಿನ ಲೆಕ್ಕದಲ್ಲಿ ನಾಲ್ವಡಿಯವರಿಗೆ ತಾತನಾಗಬೇಕಾದ ಮುಮ್ಮಡಿ ಕೃಷ್ಣರಾಜ ಒಡೆಯರು 1799ರಲ್ಲಿ ಐದು ವರ್ಷದ ಮಗುವಾಗಿ ಪಟ್ಟಕ್ಕೆ ಬಂದರು. ವಿದ್ಯಾವಂತರು, ಉದಾರಿಗಳು, ಕವಿಗಳಿಗೂ ಚಿತ್ರಕಾರರಿಗೂ ಆಶ್ರಯ ಕೊಟ್ಟವರು. ‘ಶ್ರೀತತ್ತ್ವನಿಧಿ’ಯಂಥ ಗ್ರಂಥ ಅವರ ಆಸ್ಥಾನದ್ದು. ಮನುಷ್ಯರಾಗಿ ಅವರನ್ನು ಕೆಟ್ಟವರೆಂದು ಹೇಳಿದವರನ್ನು ನಾನು ಓದಿಲ್ಲ. ಆದರೆ ಅವರ ಕಾಲದಲ್ಲಿ ಕಂದಾಯ ವಸೂಲಿ ‘ಶರತ್ತು’ ಪದ್ಧತಿಯಲ್ಲಿ ನಡೆಯುತ್ತಿತ್ತು. ನನ್ನ ತಾಲ್ಲೂಕಿನಿಂದ ಇಷ್ಟು ಹಣ ಕೊಡುತ್ತೇನೆ ಎಂದು ಅಮಲ್ದಾರ ಮುಂಚೆಯೇ ಬರೆದುಕೊಡಬೇಕು. ಕಡಿಮೆ ಬಿದ್ದರೆ ಅವನ ಕೈಯಿಂದಲೇ ತುಂಬಬೇಕು. ಕೈಯಿಂದ ತುಂಬುವ ಅಮಲ್ದಾರ ಯಾವ ಕಾಲದಲ್ಲಿದ್ದ? ರೈತನ ಹಟ್ಟಿಯ ದನ, ಕಣದ ರಾಶಿ ಎಲ್ಲಕ್ಕೂ ಅವನ ಕಣ್ಣು. ದೂರು ಅರಮನೆಯವರೆಗೆ ಹೋಗಬೇಕಾದರೆ ದೂರು ಕೊಡುವುದು ಯಾರ ಮೇಲೋ ಅವರ ಕಚೇರಿಯನ್ನೇ ದಾಟಿ ಹೋಗಬೇಕು.

1830ರಲ್ಲಿ ನಗರ ಸೀಮೆಯ ರೈತರು ಕೂಟ ಕಟ್ಟಿದರು, ಕಂದಾಯ ನಿಲ್ಲಿಸಿದರು, ಬಂಡಾಯ ಹಬ್ಬಿತು. ಕೋಡಿ ಇಲ್ಲದ ಕೆರೆ ತುಂಬಿದರೆ ಏರಿಯೇ ಒಡೆಯಬೇಕಷ್ಟೆ. 1831ರ ಅಕ್ಟೋಬರಿನಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ರಾಜ್ಯದ ಆಡಳಿತವನ್ನು ಈಸ್ಟ್ ಇಂಡಿಯಾ ಕಂಪನಿಯ ಕೈಗೆ ತೆಗೆದುಕೊಂಡ. ಯಾವ ಆಧಾರದ ಮೇಲೆ? ರೈತರ ಕಣ್ಣೀರಿನ ಮೇಲಲ್ಲ. ಮೈಸೂರು ಕಂಪನಿಗೆ ವರ್ಷವರ್ಷ ಕೊಡಬೇಕಾದ ಪೊಗದಿ ನಿಂತುಹೋಗುವ ಭಯವಿದ್ದರೆ ಆಡಳಿತ ವಹಿಸಿಕೊಳ್ಳಬಹುದು ಎಂದು 1799ರ ಒಪ್ಪಂದದಲ್ಲಿ ಒಂದು ಕಲಮು ಇತ್ತು, ಅದರ ಮೇಲೆ. ಮುಮ್ಮಡಿಯವರು ಆಮೇಲೂ ಮೂವತ್ತೇಳು ವರ್ಷ ಬದುಕಿದರು, ರಾಜ್ಯ ವಾಪಸು ಕೊಡಿ ಎಂದು ಅರ್ಜಿಗಳನ್ನು ಬರೆಯುತ್ತಲೇ 1868ರಲ್ಲಿ ತೀರಿಕೊಂಡರು.

ಇಲ್ಲಿ ಒಂದು ಮಾತು ಗಮನಿಸಿ. ರಾಜನನ್ನು ಕೆಳಗಿಳಿಸುವ ಅಧಿಕಾರ ಆ ರಾಜ್ಯದಲ್ಲಿ ಇಬ್ಬರಿಗೆ ಮಾತ್ರ ಇತ್ತು: ಹೊರಗಿನ ಕಂಪನಿಗೆ ಮತ್ತು ಪ್ರಾಣದ ಹಂಗು ತೊರೆದ ದಂಗೆಕೋರನಿಗೆ. ಮನೆಯಲ್ಲಿ ಕೂತು ಕಂದಾಯ ಕಟ್ಟುವ ಸಾಮಾನ್ಯನಿಗೆ ಇರಲಿಲ್ಲ.

ರಾಜ ಹೋದ ಕೂಡಲೇ ಸುಖ ಬಂತು ಎಂದೂ ನಾನು ಹೇಳಲಾರೆ. ಐವತ್ತು ವರ್ಷ ಬ್ರಿಟಿಷ್ ಕಮಿಷನರುಗಳು ಆಳಿದರು. ಅದರ ಕೊನೆಯಲ್ಲಿ 1876ರಿಂದ 78ರ ಬರ ಬಂತು. 1871ರ ಜನಗಣತಿಯಲ್ಲಿ ಐವತ್ತು ಲಕ್ಷ ಮೀರಿದ್ದ ಮೈಸೂರಿನ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿಯಿತು. ಲೆಕ್ಕಪತ್ರ, ರಸ್ತೆ, ಕೋರ್ಟು ಎಲ್ಲ ಅಚ್ಚುಕಟ್ಟಾಗಿದ್ದ ಆಡಳಿತವದು. ಜನಕ್ಕೆ ಉತ್ತರ ಹೇಳಬೇಕಾಗಿಲ್ಲದ ದಕ್ಷರು ರಾಜರಿಗಿಂತ ಮೇಲೆ ಎಂದು ನಂಬುವವರು ಆ ಎರಡು ಅಂಕಿಗಳನ್ನು ಒಂದರ ಕೆಳಗೆ ಒಂದು ಬರೆದು ನೋಡಬೇಕು.

1881ರ ಮಾರ್ಚ್ 25ರಂದು ರಾಜ್ಯ ಮತ್ತೆ ಒಡೆಯರ ಮನೆತನಕ್ಕೆ ಬಂತು. ಬಂದದ್ದು ಷರತ್ತುಗಳ ಸಮೇತ. ಜಾರಿಯಲ್ಲಿರುವ ಕಾನೂನುಗಳನ್ನು ಬ್ರಿಟಿಷರ ಒಪ್ಪಿಗೆ ಇಲ್ಲದೆ ಬದಲಾಯಿಸುವಂತಿಲ್ಲ. ವೈಸರಾಯ್ ಕೊಟ್ಟ ಸಲಹೆಯನ್ನು ಮೀರುವಂತಿಲ್ಲ. ವಾರ್ಷಿಕ ಪೊಗದಿ ಇಪ್ಪತ್ತನಾಲ್ಕೂವರೆ ಲಕ್ಷದಿಂದ 35 ಲಕ್ಷಕ್ಕೆ ಏರಬೇಕು. ನಾಲ್ವಡಿಯವರು ಪಟ್ಟಕ್ಕೆ ಬಂದಾಗ ರಾಜನಿಗೆ ತನ್ನಿಷ್ಟದಂತೆ ಖಜಾನೆಗೆ ಕೈಹಾಕುವ ಸ್ವಾತಂತ್ರ್ಯ ಉಳಿದಿರಲೇ ಇಲ್ಲ. ಮೇಲೆ ಬ್ರಿಟಿಷ್ ರೆಸಿಡೆಂಟು, ಕೆಳಗೆ ದಿವಾನರ ಸೆಕ್ರೆಟೇರಿಯಟ್ಟು, ನಡುವೆ ಮಹಾರಾಜರು. ಮಂಡ್ಯದ ಬಯಲಿಗೆ ಕನ್ನಂಬಾಡಿಯ ನೀರು ತಂದ ನಾಲೆಗೆ ಮೊದಲು ಇಟ್ಟ ಹೆಸರು ಯಾರದು? ಮಹಾರಾಜರದಲ್ಲ, ಕಟ್ಟೆಯ ಎಂಜಿನಿಯರ್ ವಿಶ್ವೇಶ್ವರಯ್ಯನವರದೂ ಅಲ್ಲ. ವೈಸರಾಯ್ ಇರ್ವಿನ್‌ನದು. ಯಜಮಾನ ಯಾರು ಎಂಬುದು ನಾಲೆಯ ಕಲ್ಲಿನ ಮೇಲೇ ಇತ್ತು.

ಹೊರಗಿನವರು ಹಾಕಿದ ಈ ಕಡಿವಾಣಕ್ಕಿಂತ ನನಗೆ ಹೆಚ್ಚು ಪ್ರಿಯವಾದದ್ದು ಒಳಗೇ ಹುಟ್ಟಿದ ಒಂದು ಸಂಸ್ಥೆ. ದಿವಾನ್ ರಂಗಾಚಾರ್ಲು 1881ರ ಅಕ್ಟೋಬರ್ 7ರಂದು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿದರು. ಬಂದವರು 144 ಮಂದಿ. ಜಮೀನುದಾರರು, ವರ್ತಕರು, ಅಂದರೆ ಉಳ್ಳವರೇ. ದಸರೆಗೆ ಬಂದವರು ದರ್ಬಾರು ನೋಡಿ, ಜಂಬೂಸವಾರಿ ನೋಡಿ, ಸಭೆಯಲ್ಲೂ ಕೂತರು. ದಿವಾನರು ಎದ್ದು ವರ್ಷದ ಜಮಾಖರ್ಚು ಓದಿದರು: ಇಷ್ಟು ಬಂತು, ಇಷ್ಟು ಹೋಯಿತು, ರೈಲಿಗೆ ಇಷ್ಟು, ಕೆರೆಗೆ ಇಷ್ಟು. ಆಮೇಲೆ ತಾಲ್ಲೂಕಿನವರು ತಮ್ಮ ಕಷ್ಟ ಹೇಳಿಕೊಂಡರು.

ಇದನ್ನು ಪ್ರಜಾಪ್ರಭುತ್ವ ಎಂದು ಹೊಗಳುವವರಿದ್ದಾರೆ. ನಾನು ಅಷ್ಟು ದೂರ ಹೋಗುವುದಿಲ್ಲ. ಆ ಸಭೆ ಕೇಳಬಹುದಿತ್ತು, ಕೊಡಿಸಿಕೊಳ್ಳುವಂತಿರಲಿಲ್ಲ. ಪ್ರತಿನಿಧಿಗಳನ್ನು ಚುನಾಯಿಸುವ ಕ್ರಮ ಬರಲು ಸುಮಾರು ಹತ್ತು ವರ್ಷ ಹಿಡಿಯಿತು, ಅದೂ ಆಸ್ತಿಪಾಸ್ತಿ ಇದ್ದವರಿಗೆ. ಶಾಸನಸಭೆಯಾದದ್ದು 1907ರಲ್ಲಿ, ಪ್ರಜಾಪ್ರತಿನಿಧಿ ಸಭೆಗೆ ಕಾನೂನಿನ ಬಲ ಸಿಕ್ಕಿದ್ದು 1923ರಲ್ಲಿ. ಇಷ್ಟೆಲ್ಲ ಆದ ಮೇಲೂ ಸಭೆಗೆ ಇಷ್ಟವಿಲ್ಲ ಎಂದು ಒಬ್ಬ ದಿವಾನರೂ ಮನೆಗೆ ಹೋಗಬೇಕಾಗಿರಲಿಲ್ಲ. ಆದರೆ ಸರ್ಕಾರವು ವರ್ಷಕ್ಕೊಮ್ಮೆ ಎದ್ದು ನಿಂತು ಲೆಕ್ಕ ಒಪ್ಪಿಸಬೇಕು ಎಂಬ ಅಭ್ಯಾಸ ಬಿತ್ತಲ್ಲ, ಅದು ಸಣ್ಣ ಸಂಗತಿಯಲ್ಲ. ಮುಮ್ಮಡಿಯವರ ಅಮಲ್ದಾರನ ಮೇಲೆ ದೂರು ಹೇಳಲು ನಗರ ಸೀಮೆಯ ರೈತನಿಗೆ ಇಂಥ ಒಂದು ಜಗುಲಿ ಇದ್ದಿದ್ದರೆ!

ಈಗ ಎದುರು ಪಕ್ಷದ ಅತ್ಯಂತ ಗಟ್ಟಿಯಾದ ವಾದಕ್ಕೆ ಬರುತ್ತೇನೆ. 1918ರಲ್ಲಿ ಬ್ರಾಹ್ಮಣೇತರರ ಪ್ರಜಾಮಿತ್ರ ಮಂಡಳಿಯವರು ಮಹಾರಾಜರ ಬಳಿ ಹೋಗಿ, ಸರ್ಕಾರಿ ನೌಕರಿಯೆಲ್ಲ ಒಂದೇ ಜಾತಿಯವರ ಪಾಲಾಗಿದೆ ಎಂದು ಅಹವಾಲು ಕೊಟ್ಟರು. ಮಹಾರಾಜರು ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಪ್ರತಿಭೆಯೊಂದೇ ಅಳತೆಗೋಲಾಗಬೇಕು ಎಂದು ನಂಬಿದ್ದ ದಿವಾನ್ ವಿಶ್ವೇಶ್ವರಯ್ಯನವರಿಗೆ ಇದು ಒಪ್ಪಿಗೆಯಾಗಲಿಲ್ಲ. ಅವರು ಹುದ್ದೆ ಬಿಟ್ಟರು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರನೆಯ ಎರಡು ಪಾಲು ಹಿಂದುಳಿದ ಸಮುದಾಯಗಳಿಗೆ ಸಿಗುವಂತಾಗಬೇಕು ಎಂದು 1919ರಲ್ಲಿ ಸಮಿತಿ ವರದಿ ಕೊಟ್ಟಿತು. ಸರ್ಕಾರ ಅದನ್ನು ಜಾರಿಗೂ ತಂದಿತು.

ಯೋಚಿಸಿ ನೋಡಿ. ದಕ್ಷತೆಗೆ ದೇಶದಲ್ಲೆಲ್ಲ ಹೆಸರಾದ ದಿವಾನರು, ಅವರ ಹಿಂದೆ ಇಡೀ ನೌಕರಶಾಹಿ. ಅದನ್ನು ಎದುರುಹಾಕಿಕೊಂಡು ದೊರೆ ನಿಂತರು. ಅಂದು ಮೈಸೂರಿನಲ್ಲಿ ಚುನಾಯಿತ ಸರ್ಕಾರವಿದ್ದಿದ್ದರೆ ಇದನ್ನು ಮಾಡುತ್ತಿತ್ತೇ? ಮತ ಹಾಕುವವರು ಓದಿದವರೂ ಆಸ್ತಿ ಉಳ್ಳವರೂ ಆಗಿದ್ದ ಕಾಲ; ಬಹುಶಃ ಮಾಡುತ್ತಿರಲಿಲ್ಲ. ಯಾವ ಪಂಗಡಕ್ಕೂ ಸೇರದೆ ಎಲ್ಲರ ಮೇಲೆ ಕೂತವನೊಬ್ಬ ಇರಬೇಕು ಎಂಬ ರಾಜಪ್ರಭುತ್ವದ ಹಳೆಯ ವಾದ ಇಲ್ಲಿ ನಿಜವಾಗಿಯೂ ಗೆಲ್ಲುತ್ತದೆ. ಇದನ್ನು ಒಪ್ಪದೆ ಮುಂದೆ ಹೋದರೆ ಅದು ವಾದವಲ್ಲ, ಹಟ.

ಒಪ್ಪಿದ ಮೇಲೆ ಎರಡು ಮಾತು ಸೇರಿಸುತ್ತೇನೆ. ಮೊದಲನೆಯದು, ಅದೇ ಕೆಲಸವನ್ನು ಈ ನಾಡು ಮತ ಹಾಕಿಯೂ ಮಾಡಿದೆ. ದೇವರಾಜ ಅರಸರು ಮುಖ್ಯಮಂತ್ರಿಯಾಗಿ 1972ರಲ್ಲಿ ಹಿಂದುಳಿದ ವರ್ಗಗಳ ಹಾವನೂರು ಆಯೋಗ ನೇಮಿಸಿದರು, 1974ರ ಭೂಸುಧಾರಣೆಯ ತಿದ್ದುಪಡಿ ತಂದು ಗೇಣಿದಾರನನ್ನು ಭೂಮಿಯ ಒಡೆಯನನ್ನಾಗಿ ಮಾಡಿದರು. ಎರಡನೆಯದು ಆ ಭೂಮಿಯದ್ದೇ ವಿಚಾರ. ರಾಜರ್ಷಿಯ ಮೈಸೂರು ಭೂಮಿಗೆ ನೀರು ಕೊಟ್ಟಿತು; ಇನಾಮುಗಳ ತಂಟೆಗೆ ಹೋಗಲಿಲ್ಲ. ಇನಾಮು ರದ್ದತಿಯ ಕಾನೂನು ಬಂದದ್ದು ಅರಸೊತ್ತಿಗೆ ಹೋದ ಮೇಲೆ, 1954ರಲ್ಲಿ. ಎಲ್ಲರ ಮೇಲೆ ಕೂತವನು ನೌಕರಿಯನ್ನು ಹಂಚಬಲ್ಲ, ತನ್ನ ಸಿಂಹಾಸನದ ಕಾಲುಗಳನ್ನೇ ಹಂಚಲಾರ. ಮಠ, ದೇವಸ್ಥಾನ, ಅಗ್ರಹಾರ, ಇನಾಮ್ದಾರರು, ಇವರೆಲ್ಲ ಆ ಕಾಲುಗಳೇ.

ಒಳ್ಳೆಯ ರಾಜನ ಆಳ್ವಿಕೆಯಲ್ಲಿ ಕೀರ್ತಿಯ ಹಂಚಿಕೆ ಹೇಗಾಗುತ್ತದೆ ಎಂಬುದು ಇನ್ನೊಂದು ಕುತೂಹಲದ ಸಂಗತಿ. ಕನ್ನಂಬಾಡಿಯ ಹಿರಿಮೆ ಮಹಾರಾಜರದೋ ವಿಶ್ವೇಶ್ವರಯ್ಯನವರದೋ ಎಂದು ಮೈಸೂರು ಸೀಮೆಯಲ್ಲಿ ಇವತ್ತಿಗೂ ಜಗಳವಿದೆ, ಪ್ರತಿಮೆಗಳ ಮಟ್ಟಕ್ಕೂ ಹೋಗಿದೆ. ಕೆಟ್ಟದ್ದರ ವಿಷಯದಲ್ಲಿ ಇಂಥ ಜಗಳವಿಲ್ಲ. ಅದೆಲ್ಲ ದಿವಾನರದೇ. 1908ರಲ್ಲಿ ಪತ್ರಿಕೆಗಳ ಬಾಯಿಗೆ ಬೀಗ ಹಾಕುವ ಕಾನೂನು ಬಂತು. ಎಂ. ವೆಂಕಟಕೃಷ್ಣಯ್ಯನವರು, ಮೈಸೂರಿನವರ ಪ್ರೀತಿಯ ತಾತಯ್ಯ, ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ಅಪವಾದ ಬಂದದ್ದು ದಿವಾನ್ ವಿ.ಪಿ. ಮಾಧವರಾಯರಿಗೆ. ಮೂವತ್ತರ ದಶಕದ ಆರಂಭದಲ್ಲಿ ಇರ್ವಿನ್ ನಾಲೆಯ ನೀರಿಗಾಗಿ ಹೊರಿಸಿದ ಕರಭಾರದ ವಿರುದ್ಧ ಮಂಡ್ಯದ ರೈತರು ವೀರಣ್ಣಗೌಡರ ಮುಂದಾಳತ್ವದಲ್ಲಿ ಎದ್ದರು. ಅವರ ಸಿಟ್ಟು ದಿವಾನ್ ಮಿರ್ಜಾ ಇಸ್ಮಾಯಿಲರ ಮೇಲೆ. ಮಹಾರಾಜರ ಪಟ ಮಾತ್ರ ಗೋಡೆಯ ಮೇಲೇ ಇತ್ತು. 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದ ಜಾತ್ರೆಯಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರ ಸಂಖ್ಯೆಯಲ್ಲಿ ಜನರ ಲೆಕ್ಕಕ್ಕೂ ಸರ್ಕಾರದ ಲೆಕ್ಕಕ್ಕೂ ತಾಳೆಯಾಗಲೇ ಇಲ್ಲ. ವಲ್ಲಭಭಾಯಿ ಪಟೇಲರೂ ಕೃಪಲಾನಿಯವರೂ ಬಂದು ರಾಜಿ ಮಾಡಿಸಿದ್ದು ಮಿರ್ಜಾ ಅವರೊಡನೆ. ರಾಜರ್ಷಿಯ ಆಳ್ವಿಕೆಯ ಮೂವತ್ತಾರನೆಯ ವರ್ಷದಲ್ಲಿ ನಡೆದ ಗೋಲಿಬಾರು ಇದು ಎಂದು ನಮ್ಮಲ್ಲಿ ಯಾರೂ ಹೇಳುವುದಿಲ್ಲ.

ಇದು ಜನರ ದಡ್ಡತನವಲ್ಲ. ರಾಜನನ್ನು ಇಳಿಸುವ ದಾರಿ ಇಲ್ಲದಾಗ ಅವನನ್ನು ಒಳ್ಳೆಯವನೆಂದು ಉಳಿಸಿಕೊಳ್ಳುವುದೇ ಜಾಣತನ. ಅಹವಾಲು ಹೇಳಲು ಕೊನೆಗೊಂದು ಬಾಗಿಲಾದರೂ ತೆರೆದಿರಲಿ ಎಂದು. ಆದರೆ ಆಡಳಿತದ ದೃಷ್ಟಿಯಿಂದ ಇದು ವಿಚಿತ್ರ ಏರ್ಪಾಡು. ತೀರ್ಮಾನಿಸುವವನಿಗೆ ತಪ್ಪಿನ ಬಿಸಿ ತಟ್ಟುವುದಿಲ್ಲ, ತಟ್ಟಿಸಿಕೊಳ್ಳುವ ದಿವಾನನಿಗೆ ಜನರ ಬೆಂಬಲ ಬೇಕಿಲ್ಲ.

1940ರಲ್ಲಿ ನಾಲ್ವಡಿಯವರು ತೀರಿಕೊಂಡರು. ತಮ್ಮನ ಮಗ ಜಯಚಾಮರಾಜೇಂದ್ರ ಒಡೆಯರು ಪಟ್ಟಕ್ಕೆ ಬಂದಾಗ ಅವರಿಗೆ ಇಪ್ಪತ್ತೊಂದು ವರ್ಷ. ಇವರೂ ಒಳ್ಳೆಯವರೇ. ಕೃತಿಗಳನ್ನು ರಚಿಸಿದ ವಾಗ್ಗೇಯಕಾರರು, ತತ್ತ್ವಶಾಸ್ತ್ರ ಬಲ್ಲವರು. ಲಂಡನ್ನಿನಲ್ಲಿ ಕಷ್ಟದಲ್ಲಿದ್ದ ರಷ್ಯದ ಸಂಗೀತಗಾರ ಮೆಟ್ನರ್‌ನ ರಚನೆಗಳನ್ನು ಧ್ವನಿಮುದ್ರಿಸಲು ಹಣ ಕೊಟ್ಟ ರಸಿಕರು. ಅವರ ಕಾಲದಲ್ಲೇ 1942ರಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರು ತನ್ನನ್ನು ಸ್ವತಂತ್ರವೆಂದು ಸಾರಿಕೊಂಡಿತು. ಊರಿನವರು ಹುಡುಗರಿಬ್ಬರನ್ನು ಅಮಲ್ದಾರ, ಸಬ್‌ಇನ್‌ಸ್ಪೆಕ್ಟರ್ ಎಂದು ನೇಮಿಸಿಕೊಂಡಿದ್ದರು. ಸರ್ಕಾರದ ನಿಜವಾದ ಅಮಲ್ದಾರರೂ ಸಬ್‌ಇನ್‌ಸ್ಪೆಕ್ಟರೂ ಬಂದಾಗ ನಡೆದ ಘರ್ಷಣೆಯಲ್ಲಿ ಇಬ್ಬರೂ ಸತ್ತರು. 1943ರ ಮಾರ್ಚಿನಲ್ಲಿ ಈಸೂರಿನ ಐವರಿಗೆ ಗಲ್ಲಾಯಿತು. ಸತ್ತ ಅಧಿಕಾರಿಗಳಿಗೂ ಹೆಂಡತಿ ಮಕ್ಕಳಿದ್ದರು ಎಂಬುದನ್ನು ಮರೆತು ನಾನು ಈ ಮಾತು ಹೇಳುತ್ತಿಲ್ಲ. ಕ್ಷಮಾದಾನದ ಅಧಿಕಾರ ಒಬ್ಬನ ಮನಸ್ಸಿನಲ್ಲಿರುವ ರಾಜ್ಯದಲ್ಲಿ, ಆ ಒಬ್ಬ ಎಷ್ಟೇ ಮೃದುವಾಗಿದ್ದರೂ, ನೇಣುಗಂಬದ ದಾರಿಯಲ್ಲಿ ಅವನನ್ನು ಪ್ರಶ್ನಿಸಬಲ್ಲ ಶಾಸನಸಭೆ ಇರಲಿಲ್ಲ.

1947ರ ಆಗಸ್ಟ್ 15ರಂದು ದೇಶವೆಲ್ಲ ಬಾವುಟ ಹಾರಿಸಿತು. ಮಾದರಿ ಸಂಸ್ಥಾನವೆಂದು ಹೆಸರಾಗಿದ್ದ ಮೈಸೂರಿನಲ್ಲಿ ಜವಾಬ್ದಾರಿ ಸರ್ಕಾರ ಇನ್ನೂ ಇರಲಿಲ್ಲ. ದಿವಾನ್ ಆರ್ಕಾಟ್ ರಾಮಸ್ವಾಮಿ ಮೊದಲಿಯಾರರ ಆಡಳಿತವೇ ಇತ್ತು. ಸೆಪ್ಟೆಂಬರಿನಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ಮೈಸೂರು ಚಲೋ ಚಳವಳಿ ಶುರುವಾಯಿತು. ಮೈಸೂರಿನ ರಸ್ತೆಯಲ್ಲಿ ಗುಂಡಿಗೆ ಬಲಿಯಾದ ವಿದ್ಯಾರ್ಥಿ ರಾಮಸ್ವಾಮಿಯ ಹೆಸರಿನ ವೃತ್ತವನ್ನು ಬಸ್ಸಿನಲ್ಲಿ ನೀವೆಲ್ಲ ದಾಟಿರುತ್ತೀರಿ. ಅಕ್ಟೋಬರ್ 24ರಂದು ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಪ್ರಮಾಣವಚನ ತೆಗೆದುಕೊಂಡಿತು. ಅಷ್ಟು ವರ್ಷ ಪ್ರಜೆಗಳಿಗೆ ಶಿಕ್ಷಣ ಕೊಟ್ಟ, ಸಭೆ ಕೊಟ್ಟ, ವಿಶ್ವವಿದ್ಯಾನಿಲಯ ಕೊಟ್ಟ ಅರಮನೆಗೂ ಆ ಕೊನೆಯ ಒಂದನ್ನು ತಾನಾಗಿ ಕೊಡಲು ಮನಸ್ಸು ಬರಲಿಲ್ಲ.

ಹಾಗೆ ತಾನಾಗಿ ಕೊಟ್ಟ ರಾಜರೂ ಇದ್ದಾರೆ. ಔಂಧ್ ಎಂಬ ಪುಟ್ಟ ಸಂಸ್ಥಾನ. ಹೆಚ್ಚಿನ ಭಾಗ ಸಾತಾರ, ಸಾಂಗಲಿ ಕಡೆ, ಒಂದು ತುಣುಕು ನಮ್ಮ ವಿಜಯಪುರದ ಗುಣದಾಳದಲ್ಲಿ. ಅದರ ರಾಜ ಭವಾನರಾವ್ ಪಂತಪ್ರತಿನಿಧಿ 1939ರಲ್ಲಿ ಗಾಂಧೀಜಿಯ ಸಲಹೆ ಪಡೆದು ಅಧಿಕಾರವನ್ನು ಹಳ್ಳಿಯ ಪಂಚಾಯ್ತಿಗಳಿಗೆ ಬರೆದುಕೊಟ್ಟ. ಔಂಧಿನ ಆ ಸಂವಿಧಾನದ ಕರಡಿನಲ್ಲಿ ಪೋಲೆಂಡಿನಿಂದ ಬಂದ ಎಂಜಿನಿಯರ್ ಮಾರಿಸ್ ಫ್ರೀಡ್ಮನ್‌ರ ಕೈಯಿತ್ತು. ಕೈದಿಗಳನ್ನು ಬೇಡಿಯಿಲ್ಲದೆ ಹೊಲದಲ್ಲಿ ದುಡಿಸಿದ ಬಯಲು ಬಂದೀಖಾನೆಯೂ ಅಲ್ಲಿಯದೇ. ‘ದೋ ಆಂಖೇ ಬಾರಹ ಹಾಥ್’ ಸಿನಿಮಾ ನೋಡಿದವರಿಗೆ ಆ ಕಥೆ ಗೊತ್ತು. ಭೂತಾನಿನ ಜಿಗ್ಮೆ ಸಿಂಗ್ಯೆ ವಾಂಗ್ಚುಕ್ 2006ರಲ್ಲಿ ಪಟ್ಟ ಬಿಟ್ಟರು, 2008ರಲ್ಲಿ ಅಲ್ಲಿ ಮೊದಲ ಸಾರ್ವತ್ರಿಕ ಚುನಾವಣೆಯಾಯಿತು. ಈ ಇಬ್ಬರೂ ರಾಜಪ್ರಭುತ್ವದ ಶ್ರೇಷ್ಠ ಮಾದರಿಗಳೆಂದು ಹೇಳುವುದಾದರೆ, ಅವರ ಶ್ರೇಷ್ಠ ಕೆಲಸ ಯಾವುದು ಎಂದು ಕೇಳಬೇಕಾಗುತ್ತದೆ. ಇಂಗ್ಲೆಂಡ್, ನಾರ್ವೆ, ಜಪಾನುಗಳ ಮಾತನ್ನು ನಾನು ಎತ್ತುವುದೇ ಇಲ್ಲ. ಅಲ್ಲಿ ಅರಮನೆ ಇದೆ, ಆಳ್ವಿಕೆ ಬೇರೆಯವರದು.

ಇನ್ನೊಂದು ಕಡೆ ಕಣ್ಣು ಹಾಯಿಸಿ. ನಾಲ್ವಡಿಯವರ ಕಾಲದಲ್ಲೇ ಕಲಬುರಗಿ, ರಾಯಚೂರು, ಬೀದರಿನ ಕನ್ನಡಿಗರು ಹೈದರಾಬಾದ್ ನಿಜಾಮನ ಪ್ರಜೆಗಳು. ಆಡುವ ಭಾಷೆ ಒಂದೇ. ಆದರೆ ಶಾಲೆಯಲ್ಲೂ ಕಚೇರಿಯಲ್ಲೂ ಅವರ ಭಾಷೆಗೆ ಜಾಗವಿಲ್ಲ, ಕೊನೆಕೊನೆಗೆ ನಿಜಾಮನ ಪಕ್ಷದ ರಜಾಕಾರರ ಕಾಟ, 1948ರ ಸೆಪ್ಟೆಂಬರಿನಲ್ಲಿ ಭಾರತದ ಸೈನ್ಯ ಬರುವವರೆಗೆ ಬಿಡುಗಡೆಯಿಲ್ಲ. ತೊಟ್ಟಿಲು ಮದ್ದೂರಿನಲ್ಲಿ ತೂಗಿತೋ ಮಾನ್ವಿಯಲ್ಲಿ ತೂಗಿತೋ ಎಂಬುದರ ಮೇಲೆ ಮನುಷ್ಯನ ಆಡಳಿತಭಾಗ್ಯ ನಿಂತಿತ್ತು. ಮೈಸೂರನ್ನು ತೋರಿಸಿ ರಾಜಪ್ರಭುತ್ವವನ್ನು ಹೊಗಳುವವರು ಕಲ್ಯಾಣ ಕರ್ನಾಟಕಕ್ಕೆ ಹೋಗಿ ಆ ಮಾತನ್ನು ಹೇಳುವುದಿಲ್ಲ. ಹೇಳಿದರೆ ಕೇಳುವವರೂ ಇಲ್ಲ.

ಹಾಗಾದರೆ ಈಗಿನ ಜನಪ್ರತಿನಿಧಿಗಳನ್ನು ನೋಡಿ, ಆ ದೊರೆಗಳೇ ವಾಸಿ ಅನ್ನಿಸುವುದಿಲ್ಲವೇ ಎಂದು ಸಭೆಯ ಹಿಂದಿನ ಸಾಲಿನಿಂದ ಯಾರಾದರೂ ಕೇಳುತ್ತಾರೆ. ಅನ್ನಿಸುತ್ತದೆ, ನನಗೂ. ರೆಸಾರ್ಟಿನಲ್ಲಿ ಶಾಸಕರನ್ನು ಕೂಡಿಹಾಕುವ ಸುದ್ದಿ ಓದಿದ ದಿನ ಜೋರಾಗಿಯೇ ಅನ್ನಿಸುತ್ತದೆ. ಆದರೆ ನಾವು ಹೋಲಿಸುತ್ತಿರುವುದು ರಾಜರಲ್ಲೇ ಅತ್ಯುತ್ತಮನನ್ನು ಶಾಸಕರಲ್ಲೇ ಅತ್ಯಂತ ಕಳಪೆಯವನೊಂದಿಗೆ. ತಕ್ಕಡಿಯೇ ಸರಿಯಿಲ್ಲ. ಮೇಲಾಗಿ, ಶಾಸಕನ ಮಗನಿಗೇ ಟಿಕೇಟು, ಸಂಸದನ ಸೊಸೆಗೇ ಕ್ಷೇತ್ರ ಎಂದು ನಾವು ಬೈಯುವುದು ಯಾವುದನ್ನು? ರಾಜಪ್ರಭುತ್ವದಿಂದ ಉಳಿದುಬಂದ ಅಭ್ಯಾಸವನ್ನೇ ಅಲ್ಲವೇ?

ಒಡೆಯರ ಮನೆತನವೂ ಚುನಾವಣೆಗೆ ಇಳಿಯಿತು. ಜಯಚಾಮರಾಜೇಂದ್ರರ ಮಗ ಶ್ರೀಕಂಠದತ್ತ ನರಸಿಂಹರಾಜ ಒಡೆಯರು 1984ರಲ್ಲಿ, 1989ರಲ್ಲಿ ಮೈಸೂರಿನಿಂದ ಲೋಕಸಭೆಗೆ ಗೆದ್ದರು. 1991ರಲ್ಲಿ ಪಕ್ಷ ಬದಲಾಯಿಸಿ ನಿಂತಾಗ ದೇವರಾಜ ಅರಸರ ಮಗಳು ಚಂದ್ರಪ್ರಭಾ ಅರಸು ಅವರನ್ನು ಸೋಲಿಸಿದರು. ಜನ ಕೂಟ ಕಟ್ಟಬೇಕಾಗಲಿಲ್ಲ, ಕಂಪನಿಯ ಕಲಮು ಬೇಕಾಗಲಿಲ್ಲ, ಯಾರ ಮೇಲೂ ಗುಂಡು ಹಾರಲಿಲ್ಲ. ಸೋತವರು ಅರಮನೆಗೆ ಹೋದರು, ಆ ವರ್ಷದ ದಸರೆಯ ಪೂಜೆಯನ್ನೂ ನಡೆಸಿದರು. 1996ರಲ್ಲಿ ಮತ್ತೆ ನಿಂತು ಗೆದ್ದರು, 1999ರಲ್ಲೂ ಗೆದ್ದರು, 2004ರಲ್ಲಿ ಮತ್ತೆ ಸೋತರು.